ಅಪ್‌ಡೇಟ್: ಆ ಹಸಿರು ಗಾಜಿನ ಡೆಮಿಜಾನ್ ಎಷ್ಟು ಹಳೆಯದು ಅಂತ ಗೊತ್ತಾಯ್ತು

ನನ್ನ ಹತ್ತಿರ ಇರುವ, ಬೆತ್ತದ ಹೆಣಿಗೆ ಸುತ್ತಿದ ದೊಡ್ಡ ಡೆಮಿಜಾನ್ (ಉಬ್ಬಿದ ಹೊಟ್ಟೆ, ಸಣ್ಣ ಕತ್ತಿನ ಗಾಜಿನ ಬಾಟಲಿ) ಎಷ್ಟು ಹಳೆಯದು, ಎಷ್ಟು ಬೆಲೆ ಬಾಳುತ್ತದೆ ಅಂತ ಹೋದ ವಾರ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು.

ಕೆಲಸಕ್ಕೆ ಬಂದಿದ್ದು "ಅಚ್ಚಿನ ಗೆರೆ ನೋಡಿ" ಅನ್ನುವ ಸಲಹೆ, ಅಂದರೆ ಅಚ್ಚಿನ ಭಾಗಗಳು ಕೂಡುವಲ್ಲಿ ಗಾಜಿನ ಮೇಲೆ ಉಳಿಯುವ ಗೆರೆ. ಕತ್ತಿನ ಮೇಲೆ ಉಗುರು ಆಡಿಸಿದೆ. ಕೂದಲೆಳೆಯಂಥ ಗೆರೆ ಮೇಲಕ್ಕೆ ಹತ್ತಿ, ಬಾಯಿಯ ಅಂಚನ್ನೂ ದಾಟಿತ್ತು. ಬಾಯಿಯನ್ನು ಕೈಯಲ್ಲಿ ರೂಪಿಸಿದ್ದರೆ ಗೆರೆ ಅದಕ್ಕಿಂತ ಕೆಳಗೇ ನಿಲ್ಲುತ್ತಿತ್ತು. ಅಂದರೆ ಇದು ಯಂತ್ರದಲ್ಲಿ ಮಾಡಿದ್ದು. ಪೂರ್ತಿ ತಾನಾಗಿಯೇ ಬಾಟಲಿ ಮಾಡುವ ಯಂತ್ರ ಬಂದದ್ದೇ 1903ರ ಸುಮಾರಿಗೆ. ಹಾಗಾಗಿ ನಾನು ಅಂದುಕೊಂಡಷ್ಟು ಹಳೆಯದಲ್ಲ. ಬಾಯಿ ರೂಪಿಸುವಾಗ ಬಾಟಲಿ ಹಿಡಿಯಲು ತಳಕ್ಕೆ ಅಂಟಿಸುವ ಸಲಾಕೆಯನ್ನು ಬಿಡಿಸಿದಾಗ ಉಳಿಯುವ ಒರಟು ಗುರುತೂ ಇದರಲ್ಲಿಲ್ಲ. ಕೈಯಲ್ಲಿ ಊದಿದ ಎಷ್ಟೋ ಹಳೆಯ ಬಾಟಲಿಗಳಲ್ಲಿ ಅದು ಬೆರಳಿಗೇ ಸಿಗುತ್ತದೆ.

ಗುಳ್ಳೆ, ಬಣ್ಣ ನೋಡಿ ಹೇಳುವ ಉಪಾಯ ಮಾತ್ರ ಫಲಿಸಲಿಲ್ಲ. ಯಂತ್ರದಲ್ಲಿ ಮಾಡಿದ ಇದರಲ್ಲೂ ಗುಳ್ಳೆಗಳಿವೆ. ಹಸಿರು ಬಣ್ಣ ಮರಳಿನಲ್ಲಿರುವ ಕಬ್ಬಿಣದಿಂದಲೂ ಬರುತ್ತದೆ, ಅದರಿಂದ ವಯಸ್ಸು ತಿಳಿಯಲ್ಲ.

ಬೆಲೆಗೆ, ಮಾರುವವರು ಹೇಳುವ ರೇಟು ಬಿಟ್ಟು ನಿಜಕ್ಕೂ ಮಾರಾಟವಾದ ರೇಟು ನೋಡಿದೆ. ಎರಡಕ್ಕೂ ತುಂಬಾ ವ್ಯತ್ಯಾಸ! ಇನ್ನೊಂದು ವಿಷಯ: ಸವೆದ ಹೆಣಿಗೆಯನ್ನು ಕಿತ್ತೆಸೆಯಬೇಕು ಅಂತಿದ್ದೆ. ಅದು ಮೂಲದ್ದೇ ಆದರೆ ಹಾಗೇ ಬಿಡಿ ಅಂದವರಿಗೆ ಥ್ಯಾಂಕ್ಸ್. ಸುಮ್ನೆ ಒಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿದಾಗ, ಹೆಣಿಗೆಯ ಮರೆಯಲ್ಲಿ ಬೆರಳುದ್ದದ ಬಿರುಕು ಕಂಡಿತು. ಕೊಳ್ಳುವ ಮುಂಚೆ ನೀವೂ ಹಾಗೆ ನೋಡಿ. ನಾನಂತೂ ಇದನ್ನು ಮಾರಲ್ಲ.