ಪಾಲಿಮರ್ ಮೇಷ್ಟ್ರನ್ನ ಕೇಳಿ (ಭಾನುವಾರದ ಪ್ರಶ್ನೋತ್ತರ)

ಅಡ್ಮಿನ್: ಇವತ್ತು ಮೇಷ್ಟ್ರು ಫ್ರೀ ಇದಾರೆ, ಪೀಣ್ಯದಲ್ಲಿ ಪ್ಲಾಸ್ಟಿಕ್ ಫ್ಯಾಕ್ಟರಿಲಿ ಮೂವತ್ತು ವರ್ಷ ಕೆಲಸ ಮಾಡಿದವ್ರು. ಪ್ಲಾಸ್ಟಿಕ್, ರಬ್ಬರ್, ಬಟ್ಟೆ ಏನೇ ಡೌಟಿದ್ರೂ ಕೇಳಿ. ಗುಡ್ ಮಾರ್ನಿಂಗ್ ಹೂವು ಹಾಕ್ಬೇಡಿ.

ಜಯನಗರ ಆಂಟಿ: ಪಾಲಿಮರ್ ಅಂದ್ರೆ ಪ್ಲಾಸ್ಟಿಕ್ಕೇ ತಾನೆ ಸರ್?

ಮೇಷ್ಟ್ರು: ಅಲ್ಲಮ್ಮ. ಸಣ್ಣ ಅಣುಗಳು ಮಲ್ಲಿಗೆ ದಂಡೆ ಥರ ಒಂದಕ್ಕೊಂದು ಕಟ್ಕೊಂಡು ಉದ್ದ ಸರ ಆದ್ರೆ ಪಾಲಿಮರ್. ಹತ್ತಿ, ರೇಷ್ಮೆ, ಅನ್ನದ ಗಂಜಿ, ರಬ್ಬರ್ ಮರದ ಹಾಲಲ್ಲಿ ಇರೋದೂ ಅದೇ. ಪಾಲಿಥೀನ್, ನೈಲಾನ್, ಪಿವಿಸಿ ನಾವು ಮಾಡ್ಕೊಂಡಿದ್ದು.

ಹೆಬ್ಬಾಳ ಬ್ರೋ: ಫಾರ್ವರ್ಡ್ ಬಂದಿದೆ, ರೇಷನ್ ಅಕ್ಕಿಲಿ ಪ್ಲಾಸ್ಟಿಕ್ ಅಕ್ಕಿ, ನೀರಲ್ಲಿ ತೇಲುತ್ತಂತೆ!!

ಮೇಷ್ಟ್ರು: ಅದು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಅಕ್ಕಿ ಆಕಾರಕ್ಕೆ ಒತ್ತಿರ್ತಾರೆ, 100 ಕಾಳಿಗೆ ಒಂದರ ಲೆಕ್ಕ. ಆರಿಸಿ ಬಿಸಾಕ್ಬೇಡಿ.

ವಿಜಯನಗರ: ಕುಕ್ಕರ್ ಗ್ಯಾಸ್ಕೆಟ್ ಎಷ್ಟು ದಿನಕ್ಕೆ ಬದಲಾಯಿಸ್ಬೇಕು ಸರ್?

ಕೆಂಗೇರಿ: ಸರ್ ನಮ್ಮತ್ತೆ ಬಚ್ಚಲ ಒಲೆಗೆ ಪ್ಲಂಬರ್ ಬಿಟ್ಟೋದ ಪೈಪ್ ತುಂಡು, ಹಳೇ ವೈರು ಎಲ್ಲಾ ಹಾಕ್ತಾರೆ, ಸೌದೆ ಉಳಿಯುತ್ತಂತೆ. ಕಣ್ಣುರಿ, ಮಗುಗೆ ಕೆಮ್ಮು. ಬೇವಿನ ಸೊಪ್ಪು ಹಾಕಿದ್ರೆ ಹೊಗೆ ವಿಷ ಹೋಗುತ್ತೆ ಅಂತ ಮೆಸೇಜ್ ಬಂತು, ನಿಜಾನಾ?

ಮೇಷ್ಟ್ರು: ಇವತ್ತೇ ನಿಲ್ಸಿ. ಆ ಪೈಪು ಪಿವಿಸಿ ಇರುತ್ತೆ, ವೈರಿನ ಮೇಲಿನ ಹೊದಿಕೇನೂ ಸಾಮಾನ್ಯವಾಗಿ ಅದೇ. ಪಿವಿಸಿ ಅಂದ್ರೆ ಪಾಲಿಥೀನ್ ಸರಾನೇ, ಆದ್ರೆ ಕೊಂಡಿಗೊಂದು ಕ್ಲೋರಿನ್ ನೇತಾಕಿರುತ್ತೆ, ತೂಕದಲ್ಲಿ ಸುಮಾರು 57 ಪರ್ಸೆಂಟು ಆ ಕ್ಲೋರಿನ್ನೇ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಆಗಿ ಹೊರಗೆ ಬಂದು ಕಣ್ಣು, ಗಂಟಲಿನ ಪಸೆಗೆ ತಗುಲಿದ್ ತಕ್ಷಣ ಆಸಿಡ್, ಟಾಯ್ಲೆಟ್ ತೊಳಿತೀರಲ್ಲ ಆ ಜಾತೀದೇ. ಬಚ್ಚಲ ಒಲೆಲಿ ಪೂರ್ತಿ ಉರಿಯಲ್ಲ ನೋಡಿ, ಡಯಾಕ್ಸಿನ್ ಅನ್ನೋ ವಿಷಾನೂ ಹುಟ್ಟುತ್ತೆ, ಬೂದಿಲೂ ಉಳಿಯುತ್ತೆ, ಆ ಬೂದಿಲಿ ಪಾತ್ರೆ ತಿಕ್ಬೇಡಿ, ಗಿಡಕ್ಕೂ ಬೇಡ. ಬೇವಿನ ಸೊಪ್ಪು ಹಾಕಿದ್ರೆ ಇನ್ನೊಂದಿಷ್ಟು ಹೊಗೆ, ಅಷ್ಟೇ. ಅದನ್ನ ಬರೆದವನನ್ನ ಆ ಬಚ್ಚಲಲ್ಲಿ ಹತ್ತು ನಿಮಿಷ ಕೂರಿಸ್ಬೇಕು. ಮಗುನ ಮಕ್ಕಳ ಡಾಕ್ಟರ್‌ಗೆ ತೋರ್ಸಿ, ಪೈಪ್ ಸುಟ್ಟಿದ್ದು ಮುಚ್ಚಿಡ್ಬೇಡಿ. ಒಂದ್ ಹೇಳಿ, ವೈರ್ ಹಾಕ್ದಾಗ ಉರಿ ಹಸಿರಾಗಿತ್ತಾ?

ಮಲ್ಲೇಶ್ವರಂ: ಅದಕ್ಕೇ ನಾನು ಹೇಳೋದು, ನ್ಯಾಚುರಲ್ ಆದ್ರೆ ಯಾವ ತೊಂದ್ರೆನೂ ಇಲ್ಲ

ಹೆಬ್ಬಾಳ ಬ್ರೋ: ಸೌದೆ ಹೊಗೆ ನ್ಯಾಚುರಲ್ಲೇ ಅಲ್ವಾ, ಕುಡೀರಿ

ಮಲ್ಲೇಶ್ವರಂ: ಮರ್ಯಾದೆ ಕೊಟ್ಟು ಮಾತಾಡಿ. ಅಜ್ಜಿ ಕಾಲದಲ್ಲಿ ಪ್ಲಾಸ್ಟಿಕ್ ಇತ್ತಾ?

ಹೆಬ್ಬಾಳ ಬ್ರೋ: ಬೇಕಲೈಟ್ ಅನ್ನೋ ಪ್ಲಾಸ್ಟಿಕ್ ಬಂದಿದ್ದೇ 1907ರಲ್ಲಿ. ಅಜ್ಜಿ ಮನೆ ಸ್ವಿಚ್ಚು, ರೇಡಿಯೋ ಗುಬುಟು ಮರದ್ದಾ?

ಜಯನಗರ ಆಂಟಿ: ಜಗಳ ಬಿಡ್ರಪ್ಪ. ಚಿಕ್ಕಪೇಟೆಲಿ ತಗೊಂಡ ಪ್ಯೂರ್ ಸಿಲ್ಕ್ ಸೀರೆದು ಎಳೆ ಸುಟ್ಟೆ, ಕರಗಿ ಗಟ್ಟಿ ಮಣಿ ಆಯ್ತು

ಮೇಷ್ಟ್ರು: ಪಾಲಿಯೆಸ್ಟರ್. ರೇಷ್ಮೆ ಪ್ರೋಟೀನು, ಕೂದಲು ಸುಟ್ಟ ವಾಸನೆ ಬರ್ಬೇಕು, ಉಜ್ಜಿದ್ರೆ ಪುಡಿ ಆಗ್ಬೇಕು. ಉದ್ದದ ಹಾಸಿಂದೊಂದು ಅಡ್ಡದ ಹೊಕ್ಕಿಂದೊಂದು ಎಳೆ ಬೇರೆಬೇರೆ ಸುಡಿ, ಒಂದು ಕಡೆ ಮಾತ್ರ ರೇಷ್ಮೆ ಹಾಕಿರ್ತಾರೆ.

ಮಲ್ಲೇಶ್ವರಂ: ಇವ್ರು ಪ್ಲಾಸ್ಟಿಕ್ ಕಂಪನಿ ಕಡೆಯವ್ರು, ಹಿಂಗೇ ಹೇಳೋದು

ಮೇಷ್ಟ್ರು: ಪೆನ್ಷನ್ ಕೂಡ ಸರಿಯಾಗಿ ಬರ್ತಿಲ್ಲ ಸ್ವಾಮಿ.

ಯಲಹಂಕ: ಸರ್ ಪ್ಲಾಸ್ಟಿಕ್ ಅಕ್ಕಿ ಬಗ್ಗೆ ಒಂದು ವಿಡಿಯೋ...

ಮೇಷ್ಟ್ರು: ಮೇಲೆ ಓದಿ.

ಕೆಂಗೇರಿ: ಹೌದು ಸರ್ ಹಸಿರು ಉರಿ. ಅತ್ತೆ ದಿನಾ ಮಗುನ ಪಕ್ಕ ಕೂರಿಸ್ಕೊಂಡು ನೋಡು ಹಸಿರು ಬೆಂಕಿ ಅಂತ ತೋರಿಸ್ತಿದ್ರು

ಮೇಷ್ಟ್ರು: ತಾಮ್ರಕ್ಕೆ ಕ್ಲೋರಿನ್ ಸೇರಿದ್ರೆ ಆ ಹಸಿರು ಬರುತ್ತೆ, ಲ್ಯಾಬಲ್ಲಿ ಪಿವಿಸಿ ಗುರುತು ಹಿಡಿಯೋದೇ ಹಂಗೆ. ಅತ್ತೆಗೆ ಫೋನ್ ಕೊಡಮ್ಮ, ನಾನೇ ಮಾತಾಡ್ತೀನಿ.

ವಿಜಯನಗರ: ಸರ್ ಗ್ಯಾಸ್ಕೆಟ್?