ಮನೆಗೆ ಮಲ್ಟಿಜಿಮ್ ಸಾಕಾ, ಬಾರ್ಬೆಲ್ಲೇ ಬೇಕಾ?

ಪ್ರಶ್ನೆ: ಜಿಮ್ಮಿಗೆ ಹೋಗಿಬರಲು ಪುರುಸೊತ್ತಿಲ್ಲ. ಕೇಬಲ್ ಎಳೆದು ಹಲವು ಬಗೆಯ ವ್ಯಾಯಾಮ ಮಾಡುವ ಮಷೀನು, ಅಂದರೆ ಮಲ್ಟಿಜಿಮ್ ಒಂದನ್ನು ಮನೆಗೆ ತರಿಸೋಣ ಅಂತಿದ್ದೇನೆ. ಬಾರ್ಬೆಲ್ (ಎರಡೂ ತುದಿಗೆ ಭಾರ ಹಾಕುವ ಉದ್ದನೆಯ ಬಾರ್), ಡಂಬೆಲ್ ಎತ್ತಿದಷ್ಟೇ ಫಲ ಸಿಗುತ್ತಾ? ಬಳಸಿದವರು ಹೇಳಿ.

*

ಎರಡನ್ನೂ ಬಳಸಿದ್ದೇನೆ. ಮೈ ಕಟ್ಟುಮಸ್ತಾಗಬೇಕು ಅನ್ನೋದಷ್ಟೇ ಆಸೆಯಾದರೆ ಮಷೀನು ಧಾರಾಳ ಸಾಕು. ಇನ್ನೊಂದೆರಡು ಸಲಕ್ಕಿಂತ ಜಾಸ್ತಿ ಆಗದು ಅನ್ನುವ ತನಕ ದುಡಿಸಿದರೆ ಸ್ನಾಯು ಬೆಳೆಯುತ್ತದೆ. ಭಾರ ಕೇಬಲ್ಲಿನದೋ ಕಬ್ಬಿಣದ ಬಾರಿನದೋ, ಅದಕ್ಕೇನು ಗೊತ್ತು?

ಆದರೆ ಪ್ಲೇಟಿನ ಮೇಲೆ ಬರೆದಿರುವ ಕಿಲೋ ಲೆಕ್ಕವನ್ನು ಸುಮ್ನೆ ನಂಬಬೇಡಿ. ನಮ್ಮ ಮಷೀನಿನಲ್ಲಿ ಎಷ್ಟು ಪ್ಲೇಟು ಏಳಬೇಕೆಂದು ಗೊತ್ತುಮಾಡುವ ಪಿನ್ನನ್ನು 50ಕ್ಕೆ ಸಿಕ್ಕಿಸಿದರೂ ಕೈಗೆ ತಾಗುವುದು ಸುಮಾರು 25 ಕಿಲೋ. ಕೇಬಲ್ಲು ಪ್ಲೇಟುಗಳ ಜೊತೆಗೇ ಮೇಲೇಳುವ ಒಂದು ರಾಟೆಯನ್ನು ಸುತ್ತಿಕೊಂಡು ಬರುತ್ತದೆ. ಹಿಡಿಕೆಯನ್ನು ಎರಡು ಅಡಿ ಎಳೆದರೆ ಪ್ಲೇಟು ಏಳುವುದು ಒಂದೇ ಅಡಿ. ಕೊಳ್ಳುವ ಮುಂಚೆ ಇದನ್ನು ಎಳೆದು ನೋಡಿ. ರಾಟೆ ಬಿಗಿಯಾಗಿದ್ದರೆ ಇನ್ನೊಂದು ತಾಪತ್ರಯ: ಎಳೆಯುವಾಗ ಭಾರ ಜಾಸ್ತಿ, ವಾಪಸ್ ಬಿಡುವಾಗ ಹಗುರ. ನಿಧಾನವಾಗಿ ಇಳಿಸುವುದರಲ್ಲೂ ಅರ್ಧ ಕೆಲಸ ಇದೆ ಅಲ್ವಾ?

ತೊಡೆಗಂತೂ ಆ ಪ್ಲೇಟುಗಳು ಯಾವ ಮೂಲೆಗೂ ಸಾಲುವುದಿಲ್ಲ. ನಾನು ಈಗ ಕೈಯಲ್ಲಿ ಡಂಬೆಲ್ ಹಿಡಿದು, ಒಂದು ಕಾಲನ್ನು ಹಿಂದಿನ ಬೆಂಚಿನ ಮೇಲಿಟ್ಟು ಸ್ಕ್ವಾಟ್ ಮಾಡುತ್ತೇನೆ. ಮಷೀನು ಎದೆ, ಬೆನ್ನು, ತೋಳಿಗೆ ಮಾತ್ರ.

*

ಬಾರ್ ಎತ್ತುವ ತಾಕತ್ತೇ ಬೇಕಿದ್ದರೆ ಬಾರನ್ನೇ ಎತ್ತಬೇಕು. ಎದೆಯ ಮುಂದಿನ ಹಿಡಿಕೆಯನ್ನು ತಳ್ಳುವ ಚೆಸ್ಟ್ ಪ್ರೆಸ್ ಮಷೀನಿನಲ್ಲಿ ಆ ಹಿಡಿಕೆ ಹೋಗುವ ದಾರಿ ಮೊದಲೇ ಗೊತ್ತುಮಾಡಿದ್ದು. ಬೆಂಚಿನ ಮೇಲೆ ಮಲಗಿ ಬರೀ 20 ಕಿಲೋ ಒಲಿಂಪಿಕ್ ಬಾರ್ ಹಿಡಿದರೂ ಹೊಸಬರಿಗೆ ಅದು ಎಡಕ್ಕೆ ಬಲಕ್ಕೆ ತೂಗಾಡುತ್ತದೆ. ಆ ಹತೋಟಿ ಮಷೀನಿನಿಂದ ಬರುವುದಿಲ್ಲ.

*

ಮನೆಯಲ್ಲಿ ಒಬ್ಬರೇ ಇರುತ್ತೀರಾ? ಹಾಗಿದ್ದರೆ ನನ್ನ ಓಟು ಮಷೀನಿಗೆ. ಕೈಸೋತು ಬಿಟ್ಟರೆ ಪ್ಲೇಟು ಧಡ್ ಅಂತ ಕೆಳಗೆ ಕೂರುತ್ತದೆ, ಅಷ್ಟೇ. ಬೆಂಚ್ ಪ್ರೆಸ್‌ನಲ್ಲಿ ಸೋತರೆ ಬಾರ್ ಕೂರುವುದು ಎದೆಯ ಮೇಲೆ. ಬಾರ್ಬೆಲ್ಲೇ ಬೇಕು ಅಂದರೆ ಬಾರನ್ನು ತಡೆಯಲು ಎರಡೂ ಪಕ್ಕ ಅಡ್ಡ ಕಂಬಿ ಇರುವ ರ‍್ಯಾಕ್ ಕೂಡ ತರಿಸಿ.

*

ಎತ್ತರ ನೋಡಿಕೊಳ್ಳಿ. ನಾನು ಕುಳ್ಳಿ. ಕೂತು ಭಾರವನ್ನು ಕಾಲಿನಿಂದ ಮೇಲೆತ್ತುವ ಲೆಗ್ ಎಕ್ಸ್‌ಟೆನ್ಷನ್‌ನಲ್ಲಿ ಮಂಡಿ ಮತ್ತು ಮಷೀನಿನ ತಿರುಗುಣಿ ಒಂದೇ ಸಾಲಿಗೆ ಬರಬೇಕು. ನಮ್ಮದರ ಸೀಟು ಹಿಂದೆ ಮುಂದೆ ಸರಿಯುವುದಿಲ್ಲ, ಹಾಗಾಗಿ ಬೆನ್ನಿಗೊಂದು ದಿಂಬು ಕೊಟ್ಟೇ ಕೂರುತ್ತೇನೆ. ಕೇಬಲ್ಲಿನ ತುದಿಯನ್ನೂ ಆಗಾಗ ನೋಡುತ್ತಿರಿ. ಪ್ಲಾಸ್ಟಿಕ್ ಹೊದಿಕೆ ಬಿರಿದು ತಂತಿ ಕಂಡರೆ ಅವತ್ತೇ ಬದಲಾಯಿಸಿ.