ವಿದೇಶಿ ಲಸಿಕೆ ತರಿಸಬೇಕು: ಕಾಗದಪತ್ರ ಎಲ್ಲಿಂದ ಶುರು ಮಾಡಬೇಕ್ರಿ?

ಕಲಬುರಗಿಯಿಂದ ಪ್ರಶ್ನೆ: ನಮ್ಮದು ಔಷಧ ಸಗಟು ಅಂಗಡಿ. ಮನುಷ್ಯರಿಗೆ ಹಾಕೋ ಲಸಿಕೆ ಹೊರದೇಶದಿಂದ ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ತರಿಸೋ ವಿಚಾರ ಅದ. ಏನೇನು ಬೇಕು? ಗೊತ್ತಿದ್ದವರು ಹೇಳ್ರಿ.

ಬೀದರ್‌ನಿಂದ: ಮೊದಲು ನಿಮ್ಮ ಲೈಸೆನ್ಸ್ ತೆಗೆದು ನೋಡ್ರಿ. ಸಗಟು ಮಾರಾಟದ ಲೈಸೆನ್ಸಿನ್ಯಾಗ ಸಾಮಾನ್ಯ ಔಷಧದ 20ಬಿ ಒಂದೇ ಇದ್ರ ನಡಿಯಂಗಿಲ್ಲ, ಲಸಿಕೆಗೆ 21ಬಿ ಬೇಕು. ಮುಂದಿನ ಅರ್ಜಿಯೆಲ್ಲ ಸುಗಮ್ ಅನ್ನೋ ಆನ್‌ಲೈನ್ ಪೋರ್ಟಲ್‌ನಾಗ, ಸಿಡಿಎಸ್‌ಸಿಒಗೆ (ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ). ಲಸಿಕೆ ಎಷ್ಟೇ ಹಳೇದಿದ್ರೂ ಕಾನೂನಿಗೆ ಅದು ‘ಹೊಸ ಔಷಧ’ವೇ. ಹಂಗಾಗಿ 2019ರ ಹೊಸ ಔಷಧ ನಿಯಮದಂತೆ ಸಿಟಿ-18 ಅರ್ಜಿ ಹಾಕಿ ಸಿಟಿ-20 ಅನುಮತಿ ತಗೋಬೇಕು. ತಯಾರಕರ ಕಾರ್ಖಾನೆ, ಮಾಲು ಎರಡರ ನೋಂದಣಿಗೆ ಫಾರ್ಮ್ 40, ಸಿಗೋದು 41. ಆಮದು ಲೈಸೆನ್ಸಿಗೆ 8 ಮತ್ತು 9, ಸಿಗೋದು 10. ಇವು ಕೈಗೆ ಬರೋ ತನಕ ಆರ್ಡರ್ ಮಾತು ತೆಗೀಬ್ಯಾಡ್ರಿ.

ಕಲಬುರಗಿಯಿಂದ ಇನ್ನೊಬ್ಬರು: ಕಸ್ಟಮ್ಸ್ ಪೈಕಿ ಐಇಸಿ (ಆಮದು-ರಫ್ತು ಮಾಡೋರ ನಂಬರ್), ಎಡಿ ಕೋಡ್ (ವಿದೇಶಿ ಹಣ ವ್ಯವಹಾರಕ್ಕ ನಿಮ್ಮ ಬ್ಯಾಂಕಿನ ಕೋಡ್) ಮೊದಲೇ ಮಾಡಿಸಿಟ್ಟಿರ್ರಿ. ಬಿಲ್ ಆಫ್ ಎಂಟ್ರಿ, ಅಂದ್ರ ಕಸ್ಟಮ್ಸಿಗೆ ಕೊಡೋ ಆಮದು ಘೋಷಣೆ, ವಿಮಾನ ಇಳಿಯೋಕಿಂತ ಮುಂಚೆಯೇ ಹಾಕಬಹುದು. ಹಳೇ ಬಿಲ್ ನೋಡಿ ಲಸಿಕೆಯ ಕಸ್ಟಮ್ಸ್ ಸರಕು ಕೋಡ್ 3002 20 ಅಂತ ಇಳಿಸಬ್ಯಾಡ್ರಿ, 2022ರಿಂದ ಅದು 3002 41. ಮಾಲು ಸಿಕ್ಕಿಬೀಳೋದು ಬ್ಯಾಚ್ ನಂಬರಿನ್ಯಾಗ: ಇನ್ವಾಯ್ಸ್‌ನಾಗ ಸೊನ್ನೆ, ತಯಾರಕ ದೇಶದ ಬ್ಯಾಚ್ ಬಿಡುಗಡೆ ಪತ್ರದಾಗ ‘ಓ’ ಅಕ್ಷರ. ವಿಮಾನ ನಿಲ್ದಾಣದಾಗಿನ ಸಿಡಿಎಸ್‌ಸಿಒ ‘ಬಂದರು ಕಚೇರಿ’ಯ ಡ್ರಗ್ಸ್ ಕಂಟ್ರೋಲರ್ ಅಲ್ಲೇ ತಡೀತಾರ. ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್, ವಿಶ್ಲೇಷಣಾ ವರದಿ, ಲೇಬಲ್ ಚಿತ್ರ ಸಾಲಾಗಿಟ್ಟು ಅಕ್ಷರ ಅಕ್ಷರ ಹೋಲಿಸ್ರಿ, ಮಾಲು ಹೊರಡೋ ಮೊದಲು. ಆಯುಷ್ಯದ ಶೇ. 60 ಉಳಿದಿರಬೇಕು. 24 ತಿಂಗಳ ಲಸಿಕೆ ಆದ್ರ ಹದಿನಾಲ್ಕೂವರೆ ತಿಂಗಳಂತ ಹಿಡೀರಿ.

ಯಾದಗಿರಿಯಿಂದ: ಕಸ್ಟಮ್ಸ್ ದಾಟಿದ್ರ ಮುಗೀತಂತ ತಿಳೀಬ್ಯಾಡ್ರಿ. ಬ್ಯಾಚಿನ ಸ್ಯಾಂಪಲ್ ಕಸೌಲಿಯ ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಹೋಗ್ತದ, ವರದಿ ಬರೋ ತನಕ ಒಂದು ಡೋಸೂ ಮಾರಂಗಿಲ್ಲ. ಮುಚ್ಚಳಿಕೆ ಬರೆದುಕೊಟ್ಟು ಮಾಲು ಗೋಡೌನಿಗೆ ಒಯ್ಯಬಹುದು, ಆದ್ರ ಆ ಗೋಡೌನಿನ ವಿಳಾಸ ಲೈಸೆನ್ಸಿನ್ಯಾಗ ಇರಬೇಕು. ಅಲ್ಲಿ ತನಕ 2ರಿಂದ 8 ಡಿಗ್ರಿ, ಜನರೇಟರ್ ಸಮೇತ.

ನಮ್ಮ ಬಿಸಿಲಿಗೆ ಅಂಜಿ ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕ್ ಹಂಗೇ ಶೀಸೆ ಮಗ್ಗಲಿಗೆ ಇಡ್ತಾರ. ಹೆಪಟೈಟಿಸ್-ಬಿಯಂಥ ಅಲ್ಯೂಮಿನಿಯಂ ಲವಣ ಇರೋ ಲಸಿಕೆ ಒಮ್ಮೆ ಹೆಪ್ಪುಗಟ್ಟಿದ್ರ ಹೋಯ್ತು, ಕರಗಿದ ಮ್ಯಾಲ ಕಣ್ಣಿಗೆ ಛಲೋನೇ ಕಾಣಬಹುದು. ಪ್ಯಾಕ್ ಅಲ್ಲಾಡಿಸಿದ್ರ ಒಳಗ ನೀರು ಸಪ್ಪಳ ಆಗಬೇಕು, ಅಲ್ಲಿ ತನಕ ಹೊರಗಿಡ್ರಿ. ಶಂಶಾಬಾದ್‌ನಾಗ (ಹೈದರಾಬಾದ್ ವಿಮಾನ ನಿಲ್ದಾಣ) ಡೇಟಾ ಲಾಗರ್, ಅಂದ್ರ ದಾರಿಯುದ್ದಕ್ಕೂ ಉಷ್ಣತೆ ದಾಖಲಿಸೋ ಯಂತ್ರ, ಓದದೆ ಸಹಿ ಹಾಕಬ್ಯಾಡ್ರಿ.

ಬೀದರ್‌ನಿಂದ ಮತ್ತೆ: ಒಬ್ಬ ಪೇಷಂಟಿಗಷ್ಟೇ ಆದ್ರ ಇಷ್ಟು ಓಡಾಟ ಬ್ಯಾಡ. ಡಾಕ್ಟರ ಚೀಟಿ ಜೊತೆ ಫಾರ್ಮ್ 12ಎ ಹಾಕಿದ್ರ 12ಬಿ ಪರ್ಮಿಟ್ ಕೊಡ್ತಾರ. ಅದರ ಮ್ಯಾಲ ಬಂದದ್ದು ಮಾರೋ ಹಂಗಿಲ್ಲ.